ಆರರ ಮೇಲೊಂದು

ಜೂನ್ 3

ಹತ್ತಿ ಇವತ್ತೂ ಒಣಗಲಿಲ್ಲ. ಹಿಂದಿನ ಗೋಡೆ ಬೆವರುತ್ತಿದೆ. ಹಿಂಜುವ ಮಷೀನಿಗೆ ಹಾಕಿದರೆ ಮುದ್ದೆ ಮುದ್ದೆಯಾಗಿ ಹೊರಬೀಳುತ್ತದೆ. ಹತ್ತಿಮೀಸೆಯ ಮೇಲೆ ರೇಗಿದೆ. ಅವನ ನಿಜವಾದ ಹೆಸರು ಕರೆದು ಯಾವ ಕಾಲವಾಯಿತೋ. ನನ್ನ ಜೊತೆ ಹತ್ತಿ ಹಿಂಜಿ ಹಿಂಜಿ ಮೀಸೆಯೇ ಹತ್ತಿಯಾಗಿದೆ. ಗೋಡೆ ಬೆವರಿದರೆ ಅವನೇನು ಮಾಡುತ್ತಾನೆ. ಆದರೂ ರೇಗಿದೆ.

ಕಟ್ಟಡ ಕೆಡವುತ್ತಾರಂತೆ. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಹಾಸಿಗೆ ಅಂಗಡಿ ಅಂದರೆ ಹೆಗಲಿಗೇರಿಸಿ ಹೊರಡುವಂಥದ್ದೇ? ಮಷೀನು, ಕತ್ತರಿಸುವ ಮೇಜು, ಮೂಟೆಗಳು... ಜಾಗ ಸಿಗದಿದ್ದರೆ ಬಾಗಿಲು ಹಾಕುವುದೇ ಸೈ.

ಜೂನ್ 5

ಮಗಳು ಜಾಗ ನೋಡಿದ್ದಾಳೆ. ಅಂಗಡಿ ಈಗ ಅರ್ಧ ಅವಳದೇ — ಫೋನು, ಆರ್ಡರು ಎಲ್ಲ. ಬಸ್ ಸ್ಟ್ಯಾಂಡ್ ಹಿಂದಿನ ಕಾಂಪ್ಲೆಕ್ಸ್. ಬಾಡಿಗೆ ಕೈಗೆಟುಕುತ್ತದೆ. ಮಧ್ಯಾಹ್ನದವರೆಗೂ ಬಾಗಿಲಿಗೆ ಬಿಸಿಲು. ಹತ್ತಿಗೆ ಇನ್ನೇನು ಬೇಕು. ಅಂಗಡಿ ನಂಬರೆಷ್ಟು ಅಂತ ಕೇಳಿದೆ. ಸೆರಗಿನ ದಾರ ಎಳೆಯತೊಡಗಿದಳು. ಆಗಲೇ ಗೊತ್ತಾಯಿತು.

"ಆರರ ಮೇಲೊಂದು ಅಪ್ಪ."

ಆಗಲ್ಲ ಅಂದೆ. ಅರ್ಧ ಊಟಕ್ಕೆ ಎದ್ದೆ.

ಜೂನ್ 6

ಆರಕ್ಕೂ ಎಂಟಕ್ಕೂ ನಡುವಿನ ಆ ಪದ ನಮ್ಮ ಅಂಗಡಿಯೊಳಗೆ ಬರಕೂಡದು. ಅಪ್ಪನ ಕಾಲದ ನೇಮ. ನಂಬರೂ ಅದೇ, ಮಲಗಿದವರನ್ನು ಎಬ್ಬಿಸುವ ಮಾತೂ ಅದೇ. ಕೂತ ಗಿರಾಕಿಗೆ ಎದ್ದು ಹೋಗು ಅಂದ ಹಾಗೆ. ಅದಕ್ಕೇ ಎಣಿಸುವಾಗ ಐದು, ಆರು, ಆರರ ಮೇಲೊಂದು, ಎಂಟು. ಬೇರೆಯವರಿಗೆ ಹೇಗೋ. ನಮ್ಮದು ಮಲಗಿಸುವ ವ್ಯಾಪಾರ. ಬಾಗಿಲ ಮೇಲೆ ಎಬ್ಬಿಸುವ ಬೋರ್ಡು ಹಾಕಲೇ?

ಹೆಂಡತಿಯನ್ನು ಕೇಳಿದೆ. ಕೇಳಬಾರದಿತ್ತು.

"ಬೆಳಿಗ್ಗೆ ನಿಮ್ಮನ್ನ ಎಬ್ಬಿಸೋ ಪಾಡು ನನಗೇ ಗೊತ್ತು. ಬೋರ್ಡ್ ನೋಡಿ ಎದ್ದು ಹೋಗೋ ಜನಾನೂ ಇದ್ದಾರಾ?"

ನಾಳೆ ಬರೆಯುವುದಿಲ್ಲ. ಆ ತಾರೀಖಿನ ಪುಟ ಯಾವಾಗಲೂ ಖಾಲಿ.

ಜೂನ್ 8

ನಾನೇ ಜಾಗ ಹುಡುಕಿದೆ. ಒಂದು ಮೆಟ್ಟಿಲ ಕೆಳಗಿನ ಗೂಡು. ಇನ್ನೊಂದರ ಪಕ್ಕ ಮೀನಿನ ಅಂಗಡಿ — ಅಲ್ಲಿ ಹಾಸಿಗೆ ಮಾರಿದರೆ ಬೆಕ್ಕುಗಳೇ ಗಿರಾಕಿ. ಮತ್ತೊಂದರ ಬಾಡಿಗೆ ಕೇಳಿ, ಒಂದು ಲೋಟ ನೀರು ಕುಡಿದು ಬಂದೆ.

ಜೂನ್ 14

ಬಸ್ ಡ್ರೈವರ್ ಒಬ್ಬ ಬಂದಿದ್ದ. ತಾಳೆಮರದಂಥ ಆಳು. ಯಾವ ಹಾಸಿಗೆಯಲ್ಲಿ ಮಲಗಿದರೂ ಕಾಲು ಹೊರಗೆ ನೇತಾಡುತ್ತದಂತೆ. ನಿಲ್ಲಿಸಿ ಅಳತೆ ತೆಗೆದೆ. ಇದು ಸರಿಹೋದರೆ ಡಿಪೋದ ರೆಸ್ಟ್ ರೂಮಿನ ಹಾಸಿಗೆಗಳಿಗೂ ನನ್ನ ಹೆಸರೇ ಹೇಳುತ್ತಾನಂತೆ. ಹತ್ತಿಮೀಸೆ ರಜೆ. ಹೊಲಿಗೆಗೆ ಹೊಸದಾಗಿ ಸೇರಿದಾಕೆಗೆ ಕೂಗಿ ಹೇಳಿದೆ — ಡ್ರೈವರ್ ಹಾಸಿಗೆ, ಆರರ ಮೇಲೊಂದು. ತಲೆಯಾಡಿಸಿದಳು. ಚುರುಕಿದ್ದಾಳೆ.

ಜೂನ್ 16

ಮಾನ ಹೋಯಿತು.

ನಿನ್ನೆ ನಾನಿಲ್ಲದಾಗ ಒಯ್ದ ಹಾಸಿಗೆಯನ್ನು ಡ್ರೈವರ್ ಆಟೋ ಮೇಲೆ ಕಟ್ಟಿಕೊಂಡು ವಾಪಸು ತಂದ. ಆರಡಿ ಹಾಸಿಗೆ. ಅದರ ಮೇಲೆ ಇನ್ನೊಂದು ಆರಡಿ ಹಾಸಿಗೆ. ಅಂಚಿಗೆ ಅಂಚು ಕೂಡಿಸಿ ಗಟ್ಟಿಯಾಗಿ ಹೊಲಿದಿದ್ದಾಳೆ. ಹೊಲಿಗೆ ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ, ಅದೇ ಸಂಕಟ.

"ಯಜಮಾನ್ರೇ, ಕಾಲು ಮೊದಲೂ ಹೊರಗಿತ್ತು, ಈಗಲೂ ಹೊರಗಿದೆ. ಈಗ ಸ್ವಲ್ಪ ಎತ್ತರದಿಂದ ನೇತಾಡ್ತಿದೆ ಅಷ್ಟೇ."

ಹೊಲಿಗೆಯಾಕೆಯ ಮೇಲೆ ಹಾರಾಡಿದೆ. ಅಳಲಿಲ್ಲ ಆಕೆ. ಸೂಜಿ ಎತ್ತಿಟ್ಟಳು.

"ಆರರ ಮೇಲೊಂದು ಅಂದ್ರಿ. ಆರರ ಮೇಲೊಂದು ಇಟ್ಟೆ. ಏಳು ಅಂದಿದ್ರೆ ಏಳು ಹೊಲೀತಿದ್ದೆ."

ಹತ್ತಿಮೀಸೆ ಮಷೀನು ನಿಲ್ಲಿಸಿ ಸೂರು ನೋಡಿದ. ನಾನೂ ನೋಡಿದೆ. ಬೀಳಲಿಲ್ಲ. ಗಿರಾಕಿ ಎದ್ದು ಹೋಗುತ್ತಾನೇನೋ ಅಂತ ಆ ಕಡೆ ನೋಡಿದರೆ ಡ್ರೈವರ್ ಕುರ್ಚಿಯಲ್ಲಿ ಕಾಲು ಚಾಚಿ ನಗುತ್ತ ಕೂತಿದ್ದ.

ಜೂನ್ 18

ಹಳೆಯದೊಂದು ನೆನಪಾಯಿತು. ಆರನೇ ಕ್ಲಾಸು ದಾಟಿ ಮುಂದಿನದಕ್ಕೆ ಹೋದ ವರ್ಷ. ಮೇಷ್ಟರು ಒಂದು ಲೆಕ್ಕ ಕೇಳಿದರು. ಬರಲಿಲ್ಲ. ಬೆರಳು ತೋರಿಸಿ ಆ ಮಾತು ಅಂದರು. ಎದ್ದೆ. ಹೊರಗೆ ನಡೆದೆ. ಮತ್ತೆ ಒಳಗೆ ಹೋಗಲೇ ಇಲ್ಲ. ಅಪ್ಪ ಹತ್ತಿ ಕೆಲಸಕ್ಕೆ ಹಾಕಿದ. ಅಪ್ಪನ ನೇಮ ನನಗೆ ಅಷ್ಟು ಬೇಗ ಯಾಕೆ ಹಿಡಿಸಿತು ಅಂತ... ಏನೋ. ಇರಲಿ.

ಯಾರಿಗೂ ಹೇಳದೆ ಹೋಗಿ ಮಗಳು ಹೇಳಿದ ಆ ಅಂಗಡಿ ನೋಡಿದೆ. ಗೋಡೆಗೆ ಅಂಗೈ ಒತ್ತಿದೆ. ಮೂಸಿದೆ. ಹಪ್ಪಳದ ಹಾಗೆ ಒಣಗಿದೆ. ಹಿಂದೆ ಇಲ್ಲಿದ್ದವರ ಕಥೆ ಏನಾಯಿತು ಅಂತ ಕಾಂಪ್ಲೆಕ್ಸ್ ಮಾಲೀಕನನ್ನು ಕೇಳಿದೆ.

"ಒಬ್ಬ ಮುಳುಗಿದ. ಒಬ್ಬ ಬೆಳೆದು ದೊಡ್ಡ ಜಾಗಕ್ಕೆ ಹೋದ. ಇನ್ನೊಬ್ಬ ಯಾಕೆ ಬಿಟ್ಟ ಅಂತ ನನಗೂ ಗೊತ್ತಿಲ್ಲ. ನಿಮ್ಮದು ಹೇಗಾಗತ್ತೆ ಅಂತಾನೂ ಗೊತ್ತಿಲ್ಲ ಯಜಮಾನ್ರೇ."

ಅಪರೂಪದ ಮನುಷ್ಯ, ಬೆಣ್ಣೆ ಹಚ್ಚಲಿಲ್ಲ. ದಾರಿಯುದ್ದಕ್ಕೂ ಅದೇ ಮಾತು. ಗೊತ್ತಿಲ್ಲ. ಈಗಿನ ಅಂಗಡಿಯ ಬಗ್ಗೆ ಎಲ್ಲ ಗೊತ್ತಿತ್ತು, ಅದೇನು ಗೋಡೆ ಬೆವರುವುದನ್ನು ತಪ್ಪಿಸಿತೇ?

ಮಗಳಿಗೆ ಹೇಳಿದೆ, ತಗೋ ಅಂತ. ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಿದಳು.

ಜೂನ್ 28

ಮೈಕೈ ನೋವು. ಸಾಮಾನು ಸಾಗಿಸಿ ಆಯಿತು. ಹೊಸ ಜಾಗದಲ್ಲಿ ಮಷೀನು ಮೊದಲು ಕೆಮ್ಮಿತು, ಆಮೇಲೆ ಹತ್ತಿ ಮೋಡದ ಹಾಗೆ ಬಂತು. ಹತ್ತಿಮೀಸೆ ಮೀಸೆ ತಿರುವಿದ, ಅರ್ಧ ಉದುರಿತು.

ಡ್ರೈವರ್ ಹಾಸಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಹೊಲಿಗೆಯಾಕೆಯ ಬಳಿ ಹೋಗಿ ನಿಂತೆ. ನಾಲಿಗೆ ಹೊರಳಲಿಲ್ಲ. ಎರಡು ಸಲ ಕೆಮ್ಮಿ ಅಳತೆ ಹೇಳಿದೆ. ಎಷ್ಟು ಅಂದ್ರಿ ಅಂತ ಮತ್ತೆ ಕೇಳಿದಳು. ಬೇಕೆಂದೇ. ಪಾಪಿ. ಮತ್ತೆ ಹೇಳಿದೆ.

ಜುಲೈ 2

ಬೋರ್ಡಿನ ಜಗಳ.

"ಏಳು ಅಂತ ದೊಡ್ಡದಾಗಿ ಬರೆಸೋಣ ಅಪ್ಪ. ಏಳು ಹಾಸಿಗೆ ಅಂಗಡಿ. ಜನ ನಗ್ತಾರೆ, ಆದ್ರೆ ಮರೆಯಲ್ಲ."

ಗಿರಾಕಿಯನ್ನು ಏಕವಚನದಲ್ಲಿ ಎಬ್ಬಿಸಿದ ಹಾಗಿರುತ್ತದೆ, 'ಏಳಿ' ಅಂತ ಬರೆಸಿ ಅಂದಳು ಹೆಂಡತಿ. ನಂಬರಿಗೂ ಮರ್ಯಾದೆ ಕೊಡಬೇಕೇ, ನಾಳೆ ಐದಕ್ಕೆ 'ಐದ್ರಿ' ಅನ್ನಬೇಕೇ ಅಂತ ರೇಗಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕೊಂಚ ತಡವಾಗಿ. ಮಗಳದೇ ಗೆದ್ದಿತು.

ಜುಲೈ 7

ಏಳು. ಬರೆದೆ. ಈ ತಾರೀಖಿನಲ್ಲಿ ಇದೇ ಮೊದಲು. ಪೆನ್ನೇನೂ ಮುರಿಯಲಿಲ್ಲ.

ಇವತ್ತು ಅಂಗಡಿ ತೆರೆದೆವು. ತಾರೀಖು ಮಗಳ ಆಯ್ಕೆ. ಬೆಳಗಿನಿಂದ ಒಬ್ಬ ಗಿರಾಕಿಯೂ ಇಲ್ಲ. ಇಬ್ಬರು ಬೋರ್ಡ್ ಓದಿ ನಕ್ಕು ಹೋದರು. ಇನ್ನೊಬ್ಬಳು ಹೋದವಳು ತಿರುಗಿ ನೋಡಿದಳು. ಅದೂ ಒಂದು ಲೆಕ್ಕವೇ.

ಡ್ರೈವರ್ ಇವತ್ತು ಬರುತ್ತೇನೆ ಅಂದಿದ್ದ. ಬರುತ್ತಾನೋ ಇಲ್ಲವೋ. ಅವನ ಏಳಡಿ ಹಾಸಿಗೆ ಬಾಗಿಲ ಹತ್ತಿರ ಹಾಸಿದೆ. ಅದರ ಮೇಲೇ ಕೂತು ಬರೆಯುತ್ತಿದ್ದೇನೆ. ಪಾದಕ್ಕೆ ಬಿಸಿಲು. ಅಪ್ಪ ಇದ್ದಿದ್ದರೆ ಬೈಯುತ್ತಿದ್ದ, ಆಮೇಲೆ ಹತ್ತಿ ಮುಟ್ಟಿ ನೋಡಿ ಸುಮ್ಮನಾಗುತ್ತಿದ್ದ...

ಬಾಗಿಲಲ್ಲಿ ನೆರಳು. ಉದ್ದ ನೆರಳು, ಮೇಜಿನವರೆಗೂ ಬಂತು. ಹಿಂದೆ ಇನ್ನೂ ಇಬ್ಬರು, ಡಿಪೋದ ಖಾಕಿಯವರು. ಹೆಂಡತಿ ಒಳಗಿಂದ ಕೂಗುತ್ತಿದ್ದಾಳೆ —

"ಗಿರಾಕಿ ನಿಂತಿದ್ದಾರೆ. ಏಳ್ರೀ."

ಎದ್ದೆ, ಬಂ—