ಕಾಲೇಜಿನ ಚರಿತ್ರೆಯ ನಾಲ್ಕನೆಯ ಅಧ್ಯಾಯ

ಮೇಪಲ್‌ಫೋರ್ಡ್, ನೆಬ್ರಾಸ್ಕ
9 ಏಪ್ರಿಲ್ 1976

ಪ್ರೀತಿಯ ಲೊರೀನ್,

ನಿನ್ನ ಕ್ರಿಸ್‌ಮಸ್ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೇಕಾದರೂ ಬೈದುಕೋ. ಮೊಣಕಾಲು ನೋವು ಹೇಗಿದೆ? ಇಲ್ಲಿ ಹಿಮ ಕರಗಿ ಬೀದಿಯೆಲ್ಲ ಕೆಸರು.

ನಮ್ಮ ಕಾಲೇಜಿಗೆ ಐವತ್ತು ತುಂಬುತ್ತಿದೆ. ಮೂವತ್ತೆರಡು ವರ್ಷದಿಂದ ಕಚೇರಿಯಲ್ಲಿ ಟೈಪ್ ಮಾಡುತ್ತಿರುವವಳೆಂದು ಅದರ ಚರಿತ್ರೆ ಬರೆಯುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಪ್ರೌಢಶಾಲೆಯ ಅಟ್ಟದಲ್ಲಿ ಹನ್ನೊಂದು ವಿದ್ಯಾರ್ಥಿಗಳಿಂದ ಶುರುವಾದದ್ದು, ಸುಂಟರಗಾಳಿಗೆ ಛಾವಣಿ ಹಾರಿಹೋದಾಗ ಊರವರೇ ಭಾನುವಾರಗಳಲ್ಲಿ ಬಂದು ಕಟ್ಟಿಕೊಟ್ಟದ್ದು, ಯುದ್ಧ ಮುಗಿಸಿ ಬಂದವರು ಕುರ್ಚಿ ಸಾಲದೆ ಕಿಟಕಿಕಟ್ಟೆಯ ಮೇಲೆ ಕೂತು ಗಣಿತ ಕಲಿತದ್ದು, ಎಲ್ಲ ಖುಷಿಯಿಂದಲೇ ಬರೆದೆ.

ನಾಲ್ಕನೆಯ ಅಧ್ಯಾಯಕ್ಕೆಂದು ಹಳೆಯ ಕಡತ ಬಿಚ್ಚಿದೆ. ಮದುವೆಯಾದರು, ಬಸುರಾದರು ಎಂದು ನರ್ಸಿಂಗ್ ತರಗತಿಯಿಂದ ಹೊರಹಾಕಿದ ಹುಡುಗಿಯರಿಗೆ ಕಳಿಸಿದ ಪತ್ರಗಳ ಪ್ರತಿಗಳು ಅದರಲ್ಲಿದ್ದವು. ನಿನ್ನದೂ ಇತ್ತು. ಅದನ್ನೆಲ್ಲ ಬರೆದೆ. ಒಪ್ಪಿದವರ ಹೆಸರು ಮಾತ್ರ ಹಾಕಿದೆ.

ಪ್ರಾಂಶುಪಾಲ ಡೆಲ್ಬರ್ಟ್ ನೋಲ್ಟೆ ಓದಿ ಕೆಂಪಗಾದರು. "ಹಬ್ಬದೂಟಕ್ಕೆ ಯಾಕಮ್ಮ ಕಲ್ಲು ಹಾಕ್ತೀರಿ? ಆಗ ಎಲ್ಲಾ ಕಡೆ ಹಂಗೇ ಇತ್ತು."

"ಎಲ್ಲಾ ಕಡೆ ಇತ್ತು ಅಂತಾನೂ ಬರೀತೀನಿ ಬಿಡಿ. ಆದ್ರೆ ಇದನ್ನ ಕಿತ್ತರೆ ಮಿಕ್ಕಿದ್ದೂ ನಿಮಗಿಲ್ಲ," ಎಂದೆ.

ವಿಷಯ ಆಡಳಿತ ಮಂಡಳಿಗೆ ಹೋಯಿತು. ಮಂಗಳವಾರದ ಸಭೆಗೆ ಕ್ಯಾಂಟೀನಿನ ವಿಲ್ಮಾ ಟೆಸಾರ್ ಅಡುಗೆಯ ಏಪ್ರನ್ನಿನಲ್ಲೇ ಬಂದು ನಿಂತಳು. ಇಪ್ಪತ್ತು ವರ್ಷದ ಹಿಂದೆ ಅವಳಿಗೂ ಅಂಥದೇ ಪತ್ರ ಹೋಗಿತ್ತು.

"ನನ್ನ ಕೈಯಡುಗೆ ಆಗತ್ತೆ ನಿಮ್ಗೆ, ನನ್ನ ಹೆಸ್ರು ಆಗಲ್ವಾ?"

"ಹಳೇ ಕಥೆ ವಿಲ್ಮಾ, ಬಿಟ್ಬಿಡು," ಎಂದರು ಒಬ್ಬ ಸದಸ್ಯರು.

"ನಿಮ್ಗೆ ಹಳೇದು. ನಾನು ದಿನಾ ಬೆಳಗ್ಗೆ ಆ ಕ್ಲಾಸಿನ ಬಾಗ್ಲು ದಾಟ್ಕೊಂಡೇ ಒಲೆ ಹತ್ರ ಹೋಗ್ಬೇಕು."

ಕೊನೆಗೆ ಮತಕ್ಕೆ ಹಾಕಿದರು. ನಾಲ್ಕು ಕೈ ಎದ್ದವು, ಮೂರು ಏಳಲಿಲ್ಲ. ಅಧ್ಯಾಯ ಉಳಿಯಿತು. ಅಷ್ಟಕ್ಕೇ ಬಿಡಲಿಲ್ಲ ನಾನು. ಹೊರಹಾಕಿದವರು ಇಷ್ಟಪಟ್ಟರೆ ಮತ್ತೆ ಸೇರಿ ಓದು ಮುಗಿಸಬಹುದೆಂದು ಅವತ್ತೇ ಮಂಡಳಿಯಿಂದ ಬರೆಸಿಕೊಂಡೆ. ವಿಲ್ಮಾ ಸೆಪ್ಟೆಂಬರಿಗೆ ಸೇರುತ್ತಾಳೆ. "ಕ್ಲಾಸಿನ ಮಕ್ಕಳು ನಗ್ತಾರೇನೋ," ಎಂದಳು. "ನಗಲಿ, ಸೂಜಿ ಚುಚ್ಚೋದು ಕಲಿಯೋಕೆ ನಿನಗೂ ಯಾರಾದ್ರೂ ಬೇಕಲ್ಲ," ಎಂದೆ.

ನಿನ್ನ ಹೆಸರು ಹಾಕಲೇ ಲೊರೀನ್? ನೀನು ಹೂಂ ಅಂದರೆ ಮಾತ್ರ. ನಿನ್ನ ಮಗಳು ಜೂಡಿಗೆ ಮುತ್ತು. ನಿಮ್ಮ ಮನೆ ಸದಾ ಬೆಚ್ಚಗಿರಲಿ, ದೇವರು ನಿಮ್ಮನ್ನು ನೋಡಿಕೊಳ್ಳಲಿ.

ನಿನ್ನ ಅಕ್ಕ,
ಅರ್ಡಿಸ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. 1949ರಲ್ಲಿ ನೀನು ಬಸುರಿ ಎಂದು ಕಚೇರಿಗೆ ಹೇಳಿದವಳು ನಾನೇ. ಯಾರೂ ಕೇಳಿರಲಿಲ್ಲ. ಮುಚ್ಚಿಟ್ಟದ್ದು ಗೊತ್ತಾದರೆ ನನ್ನ ಕೆಲಸ ಹೋಗುತ್ತದೆಂದು ಹೆದರಿದೆ. ನೀನು ಇಷ್ಟು ವರ್ಷ ಪಕ್ಕದ ಮನೆಯವಳನ್ನು ಶಪಿಸುತ್ತಿದ್ದಾಗಲೂ ಸುಮ್ಮನಿದ್ದೆ. ಒಬ್ಬ ಹುಡುಗಿಯ ಗುಟ್ಟನ್ನು ನಾನೇ ಒಪ್ಪಿಸಿದೆನೆಂದು ಆ ಅಧ್ಯಾಯದಲ್ಲಿ ಬರೆದಿದ್ದೇನೆ. ಮೇ ತಿಂಗಳಲ್ಲಿ ಅಚ್ಚಿಗೆ ಹೋಗುತ್ತದೆ. ನಿನ್ನ ಹೆಸರು ಇರಲಿ, ಇಲ್ಲದಿರಲಿ, ನನ್ನದು ಇರುತ್ತದೆ.