ನಮ್ಮ ಇಸ್ತ್ರಿಯವನಿಗಿದ್ದ ಹದಿನೈದು ದಿನ ರಜೆ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ಕಾಯ್ದೆ ಬದಲಾಗಿ ಏಳು ತಿಂಗಳಾದರೂ ನನಗದು ತಿಳಿದಿರಲಿಲ್ಲ. ತಿಳಿಸುವುದು ನಿಮ್ಮ ಕೆಲಸವಾಗಿತ್ತು. ಇದು ನನ್ನ ದೂರು. ತಿಳಿದುಕೊಳ್ಳುವುದು ನನ್ನ ಕೆಲಸವಾಗಿತ್ತು ಎಂಬುದು ಈ ದೂರಿನ ಉಳಿದರ್ಧ. ಅದನ್ನು ಬರೆಯಲು ಮೂರು ವಾರ ಹಿಡಿಯಿತು.

ನನ್ನದು ಹನ್ನೊಂದು ಜನ ದುಡಿಯುವ ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಚಾದರ, ದಿಂಬಿನ ಕವರುಗಳು ನಮ್ಮಲ್ಲಿಗೆ ಬರುತ್ತವೆ. ನಿಮ್ಮ ಅಪ್ಪಣೆಯಂತೆ ಕಾರ್ಮಿಕರ ರಜೆ ನಿಯಮಗಳ ಪಟ್ಟಿಗೆ ಗಾಜು ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದೇನೆ. ಕಳೆದ ಸಲ ಬಂದ ನಿಮ್ಮ ಇನ್ಸ್‌ಪೆಕ್ಟರು ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಅಳೆದರು. ಗಾಜು ಒಡೆದಿಲ್ಲವೆಂದು ಬರೆದುಕೊಂಡರು. ‘ಎಲ್ಲ ಸರಿಯಿದೆ’ ಎಂದು ಸಹಿ ಹಾಕಿದರು. ಒಳಗಿನ ನಿಯಮ ರದ್ದಾಗಿ ಆ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಗೋಡೆಯ ಮೊಳೆ ಪರೀಕ್ಷಿಸಲು ಒಬ್ಬರನ್ನು ಕಳಿಸಬಲ್ಲ ಕಚೇರಿಗೆ, ಅವರ ಕೈಯಲ್ಲೊಂದು ಹೊಸ ಹಾಳೆ ಕೊಟ್ಟು ಕಳಿಸಲು ಆಗಲಿಲ್ಲವೇ? ಆದೇಶ ಪ್ರಕಟಿಸಿದ್ದೇವೆ ಎನ್ನುತ್ತೀರಿ. ನಿಜ, ನಿಮ್ಮ ಎರಡನೇ ಮಹಡಿಯಲ್ಲಿ, ಬೀರುವಿನ ಮರೆಯ ಫಲಕದಲ್ಲಿ. ಮೊನ್ನೆ ಹೋಗಿ ಬಗ್ಗಿ ನೋಡಿ ಬಂದೆ.

ಆದರೆ ನಿಮ್ಮನ್ನು ಬಯ್ದರೂ ನನ್ನ ತಪ್ಪು ಕಡಿಮೆಯಾಗುತ್ತಿಲ್ಲ. ನಮ್ಮ ಇಸ್ತ್ರಿಯವನ ಹೆಂಡತಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಯಿತು. ಅವನು ಬಂದು ಕೇಳಿದ: “ಅಕ್ಕ, ಅಪ್ಪಂದಿರಿಗೂ ರಜೆ ಕೊಡಬೇಕು ಅಂತ ಕಾನೂನು ಬಂದಿದೆಯಂತೆ. ನಮ್ಮ ಭಾವ ಹೇಳಿದ್ರು. ಒಂದ್ಸಲ ವಿಚಾರಿಸ್ತೀರಾ?”

ಫೋನು ಕೈಯಳತೆಯಲ್ಲೇ ಇತ್ತು. ಮರುದಿನ ಹೋಟೆಲಿಗೆ ಆರುನೂರು ಚಾದರ ಹೋಗಬೇಕಿತ್ತು. ಗೋಡೆಯತ್ತ ಬೆರಳು ತೋರಿಸಿ, “ಅಲ್ಲಿ ಬರೆದಿದೆಯಾ ನೋಡಪ್ಪ. ಅದೆಲ್ಲ ದೊಡ್ಡ ಕಂಪನಿಗಳಿಗೆ” ಎಂದೆ. ದೊಡ್ಡ ಕಂಪನಿಗಳಿಗೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಂತ ಕಾಲಲ್ಲಿ ನಾನೇ ಹುಟ್ಟಿಸಿದ ಮಾತದು. ಅವನು ಇಸ್ತ್ರಿ ಮೇಜಿಗೆ ಹೋದ.

ಮಗು ನಾಲ್ಕು ದಿನ ಬದುಕಿತ್ತು. ಆಸ್ಪತ್ರೆಯವರು ಅದನ್ನು ನೋಡಲು ಬಿಡುತ್ತಿದ್ದದ್ದು ಹಗಲು ಮಾತ್ರ. ಮೂರು ಹಗಲು ಅವನು ನನ್ನ ಚಾದರಗಳ ಮುಂದೆ ನಿಂತಿದ್ದ.

ಮುಂದಿನ ವಾರ ನಮ್ಮ ಕಾಗದಪತ್ರ ನೋಡುವವರು ಕೇಳಿದರು: “ಅವನಿಗೆ ಹದಿನೈದು ದಿನ ರಜೆ ಇತ್ತಲ್ಲ ಮೇಡಂ, ಯಾಕೆ ತಗೊಳ್ಳಲಿಲ್ಲ? ನಮ್ಮಂಥ ಸಣ್ಣ ಜಾಗಕ್ಕೂ ಅನ್ವಯಿಸುತ್ತೆ.”

ತಪ್ಪೊಪ್ಪಿಕೊಳ್ಳಲೆಂದೇ ಅವನ ಮನೆಗೆ ಹೋದೆ. ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಬಾಯಿ ತೆರೆಯುವ ಮುಂಚೆ ಅವನೇ ನನಗೆ ಸಮಾಧಾನ ಹೇಳಿದ: “ರಜೆ ಇದ್ದಿದ್ರೆ ನೀವು ಕೊಡದೇ ಇರ್ತಿದ್ರಾ ಅಕ್ಕ? ನಿಮ್ಮನ್ನ ನನಗೆ ಗೊತ್ತಿಲ್ವಾ? ಭಾವಂಗೂ ಅದನ್ನೇ ಹೇಳ್ದೆ.” ಕೊಟ್ಟ ಟೀ ಕುಡಿದು ಎದ್ದು ಬಂದೆ. ಹೇಳಲಿಲ್ಲ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಕಾಯ್ದೆ ಬದಲಾದ ವಾರದೊಳಗೆ ಹೊಸ ಹಾಳೆ ಪ್ರತಿ ಕೆಲಸದ ಜಾಗಕ್ಕೂ ಬರಬೇಕು. ಅದು ಮೊದಲು ಸೇರಬೇಕಾದದ್ದು ಕೆಲಸಗಾರರ ಕೈ, ಆಮೇಲೆ ನಮ್ಮ ಕೈ. ನಮ್ಮಂಥ ಒಳ್ಳೆಯವರನ್ನು ನಂಬಿ ಕೂರುವ ಗತಿ ಅವರಿಗೆ ಬರಬಾರದು. ನನ್ನ ಮೇಲೆ ಯಾವ ಕ್ರಮ ಕೈಗೊಂಡರೂ ತಕರಾರಿಲ್ಲ.

ಈ ಪತ್ರವನ್ನು ನಿಮಗೆ ಅಂಚೆಯಲ್ಲಿ ಕಳಿಸಬಹುದಿತ್ತು. ಪತ್ರಿಕೆಗೆ ಕೊಟ್ಟಿದ್ದೇಕೆಂದರೆ, ಅವನು ದಿನಾ ಕೆಲಸಕ್ಕೆ ಮುಂಚೆ ಪತ್ರಿಕೆ ಓದುತ್ತಾನೆ. ಅವನೆದುರು ನಿಂತು ಹೇಳಲು ನನ್ನಿಂದಾಗಲಿಲ್ಲ.

ಇಂತಿ,
ನಾಳೆಯಿಂದ ಅವನು ‘ಅಕ್ಕ’ ಎನ್ನುತ್ತಾನೋ ಇಲ್ಲವೋ ತಿಳಿಯದ
ಲಾಂಡ್ರಿ ಮಾಲೀಕಿ