ತಿದ್ದಿದ ಕಣ್ಣು

ಜನವರಿ 12, ಭಾನುವಾರ. ಬೆಳಿಗ್ಗೆ 11.30

ಲೀಲುವಿಗೆ ಇವತ್ತಿಗೆ ಆರು ತಿಂಗಳು. ತಿಂಗಳ ಫೋಟೋ ಮುಗಿಯಿತು. ಹತ್ತು ದಿನದಿಂದ ಘಾಜಿಯಾಬಾದಿನಲ್ಲಿ ಸೂರ್ಯ ಕಂಡಿಲ್ಲ. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಕತ್ತಲೆ. ಹಾಗಾಗಿ ಈ ಸಲವೂ ಫ್ಲ್ಯಾಶ್. ರಘು ಸ್ಟೂಲಿನ ಮೇಲೆ ನಿಂತು ಹಿಡಿದ. ಒಂದು ಕೈಯಲ್ಲಿ ಫ್ಲ್ಯಾಶ್, ಇನ್ನೊಂದರಲ್ಲಿ ಗಿಲಕಿ, ಬಾಯಲ್ಲಿ ನಾಯಿ ಬೊಗಳುವುದು. ಯಾವ ಗಂಡ ಇಷ್ಟು ಮಾಡ್ತಾನೆ? ಫ್ಲ್ಯಾಶ್ ಕೊಡಿಸಿದ್ದೂ ಅವನೇ, ಹೊಸ ಲೆನ್ಸೂ. ಲಡಾಖ್‌ಗೆ ಹೋಗಬೇಕು ಅಂತ ಎರಡು ವರ್ಷ ಕೂಡಿಟ್ಟದ್ದು ಅದಕ್ಕೇ ಹೋಯಿತು. "ಬೆಟ್ಟ ಎಲ್ಲಿಗೂ ಓಡಿಹೋಗಲ್ಲ. ಪಾಪು ದೊಡ್ಡದಾಗ್ಬಿಡತ್ತೆ" ಅಂದಿದ್ದ.

ಮೂರು ಫ್ರೇಮಿನಲ್ಲಿ ಎಡಗಣ್ಣಿನ ಪಾಪೆ ಬಿಳಿ. ಮೊದಲು ನೋಡಿದ್ದು ರಘುವೇ.

"ಸಿಂಧೂ, ಇದೇನು? ಒಂದು ಕಣ್ಣು ಕೆಂಪು, ಒಂದು ಬೆಳ್ಳಗೆ."

"ಫ್ಲ್ಯಾಶ್ ಓರೆಯಾಗಿ ಬಿದ್ದರೆ ಹಾಗೇ. ನೀನು ಕೈ ಅಲ್ಲಾಡಿಸಿದೆ."

"ಸಾರಿ ಮೇಡಂ. ಅಸಿಸ್ಟೆಂಟ್ ಸಂಬಳ ಕಟ್ ಮಾಡಿ."

ಬಲಗಣ್ಣಿನ ಕೆಂಪು ತೆಗೆದೆ. ಆ ಕಪ್ಪು ಪಾಪೆಯನ್ನೇ ಕಾಪಿ ಮಾಡಿ ಎಡಕ್ಕೆ ಕೂರಿಸಿದೆ. ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ದೆಹಲಿಯ ಪೀತಮ್‌ಪುರದಿಂದ ಅತ್ತೆಯ ವಾಯ್ಸ್ ಮೆಸೇಜ್ — "ದೃಷ್ಟಿ ತೆಗಿ ಸಿಂಧೂರ, ಕಣ್ಣು ಎಷ್ಟು ಚೆಂದ ಬಂದಿದೆ!"

ಜನವರಿ 24, ಶುಕ್ರವಾರ. ಸಂಜೆ

ಮಕ್ಕಳ ಡಾಕ್ಟರ ಹತ್ತಿರ ಈ ತಿಂಗಳು ಮೂರನೇ ಸಲ. ಉಸಿರು ಗೊರಗೊರ ಅನ್ನಿಸಿತು. ಏನೂ ಇಲ್ಲವಂತೆ. ಹಿಂದಿನ ಸಲ ನೆತ್ತಿ ತಗ್ಗಾಗಿದೆ ಅಂತ ಹೋಗಿದ್ದೆ. ಅದಕ್ಕೂ ಹಿಂದೆ ಕಕ್ಕ ಹಸಿರು ಅಂತ. ಡಾಕ್ಟರು ನಕ್ಕರು. "ಮಮ್ಮೀ ಕಾ ಇಲಾಜ್ ಕರ್ನಾ ಪಡೇಗಾ." ಔಷಧಿ ಅಮ್ಮನಿಗೇ ಬೇಕಂತೆ.

ರಘು ನಗಲಿಲ್ಲ. ಆಟೋದಲ್ಲಿ ನನ್ನ ಕೈ ಹಿಡಿದು ಕೂತ. ಬೈದಿದ್ದರೆ ವಾಸಿ ಇತ್ತು. ಇನ್ನು ಮೇಲೆ ಗೂಗಲ್ ಮಾಡಿ ಹೆದರಬೇಡ ಎಂದು ಮಾತು ತೆಗೆದುಕೊಂಡ. ಕೊಟ್ಟೆ.

ನಿದ್ದೆ ಎರಡು ತಾಸು, ಅದೂ ತುಂಡು ತುಂಡು. ಅವಳ ಹೊಟ್ಟೆ ಏಳುತ್ತಾ ಬೀಳುತ್ತಾ ಇದೆಯೇ ಎಂದು ನೋಡುವುದೇ ಕೆಲಸ. ಕ್ಯಾಮೆರಾ ಹಿಡಿದಾಗ ಮಾತ್ರ ಹೆದರಿಕೆ ನಿಲ್ಲುತ್ತದೆ. ಅಲ್ಲಿ ಏನು ತಪ್ಪಾಗಿದೆ, ಯಾಕೆ ಆಗಿದೆ, ಹೇಗೆ ಸರಿಮಾಡಬೇಕು… ಅದೊಂದು ನನಗೆ ಗೊತ್ತು.

ಫೆಬ್ರವರಿ 12, ಬುಧವಾರ

ಏಳು ತಿಂಗಳು. ರಘು ಆಫೀಸಿನಲ್ಲಿ. ಫ್ಲ್ಯಾಶ್ ಸ್ಟ್ಯಾಂಡಿಗೆ ಹಾಕಿದೆ. ಒಂಬತ್ತು ಫ್ರೇಮಿನಲ್ಲಿ ಬಿಳಿ. ಎಡಗಣ್ಣೇ. ಸ್ಟ್ಯಾಂಡು ಅಲ್ಲಾಡುವುದಿಲ್ಲ… ಎದುರು ಗೋಡೆಯ ಬಿಳುಪು ಇರಬೇಕು. ಗೂಗಲ್ ಮಾಡೋಣ ಅಂತ ಫೋನ್ ತೆಗೆದೆ. ಕೆಳಗಿಟ್ಟೆ.

ತಿದ್ದಿದೆ. ನನ್ನ ಫೋಟೋಗ್ರಫಿ ಪೇಜಿಗೂ ಹಾಕಿದೆ. ಅಪಾರ್ಟ್ಮೆಂಟಿನ ಎದುರು ಟವರಿನ ಪಂಜಾಬಿ ಹುಡುಗಿ ತನ್ನ ಮಗುವಿನ ಫೋಟೋ ತೆಗೆದುಕೊಡಿ ಅಂದಳು. "ಆಪ್ಕೀ ಬೇಬಿ ಕೀ ಆಂಖೇಂ! ಹಾಯ್!" ಲೀಲುವಿನ ಕಣ್ಣಿಗೇ ಮರುಳಾಗಿದ್ದಾಳೆ.

ರಘು ಸಂಜೆ ರಸಮಲಾಯಿ ತಂದ. "ಫಸ್ಟ್ ಕ್ಲೈಂಟ್ ಯಾರ್! ನಾನು ಹೇಳಿರಲಿಲ್ವಾ?"

ಮಾರ್ಚ್ 2, ಭಾನುವಾರ

ಅತ್ತೆ ಬಂದಿದ್ದರು. ಲೀಲುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ನೋಡಿದರು.

"ಎಡಗಣ್ಣು ಸ್ವಲ್ಪ ಮೆಳ್ಳೆ ಅಲ್ವೇನೇ?"

"ಅಮ್ಮಾ, ಪ್ಲೀಸ್. ಇವಳನ್ನ ಹೆದರಿಸಬೇಡ" ಅಂದ ರಘು.

"ಹೆದರೋದೇನು ಬಂತು? ಮೆಳ್ಳೆಗಣ್ಣು ಅದೃಷ್ಟ ಕಣೋ. ನಿಮ್ಮಪ್ಪನ ಸೋದರತ್ತೆಗೆ ಇತ್ತು, ಮೂರು ಮನೆ ಕಟ್ಟಿಸಿದಳು. ಗಂಡನ್ನ ಬಾಯಿ ಬಿಡೋಕೂ ಬಿಡಲಿಲ್ಲ." ಆಮೇಲೆ ತಮ್ಮ ಫೋನು ತೆಗೆದು ನನ್ನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದರು. "ಅಚ್ಛಾ, ಇದರಲ್ಲಿ ನೆಟ್ಟಗೇ ಇದೆ. ನನ್ನ ಕನ್ನಡಕದ್ದೇ ದೋಷ."

ಹೂಂ ಅಂದೆ. ಬರೀ ಹೂಂ ಅಂದದ್ದಲ್ಲ, ನಿರಾಳವೂ ಆಯಿತು. ಫೋಟೋದಲ್ಲಿ ಸರಿಯಿದೆಯಲ್ಲ ಅಂತ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ಬಿಸಿಲು ಬಂದಿದೆ. ಫ್ಲ್ಯಾಶ್ ಬೇಡ ಎಂದು ಬಾಲ್ಕನಿ ಬಾಗಿಲ ಬಳಿ ಕೂರಿಸಿದೆ. ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ. ಪಾರಿವಾಳ ನೋಡಲು ಲೀಲು ಕತ್ತು ತಿರುಗಿಸಿದಳು. ಎಡಗಣ್ಣಿನೊಳಗೆ ಬಿಳಿ.

ಫ್ಲ್ಯಾಶ್ ಇಲ್ಲ. ಲೆನ್ಸ್ ಇಲ್ಲ.

ಅಂಗೈಯಿಂದ ಎಡಗಣ್ಣು ಮುಚ್ಚಿದೆ. ಆಡುತ್ತಲೇ ಇದ್ದಳು. ಬಲಗಣ್ಣು ಮುಚ್ಚಿದೆ. ಕಿರುಚಿ ಕೈ ತಳ್ಳಿದಳು. ಮತ್ತೆ ಮಾಡಿದೆ. ಮತ್ತೆ. ಅವಳು ಬಿಕ್ಕಿ ಬಿಕ್ಕಿ ಅಳುವವರೆಗೆ ಮಾಡಿದೆ.

ರಘುವಿಗೆ ಫೋನ್ ಮಾಡಿದೆ. ಹಲೋ ಹಲೋ ಅನ್ನುತ್ತಲೇ ಇದ್ದ. ಬೇಗ ಮನೆಗೆ ಬಾ ಅಂದೆ.

ಮಾರ್ಚ್ 17, ಸೋಮವಾರ

ಮನೆ ಹತ್ತಿರದ ಕಣ್ಣಿನ ಡಾಕ್ಟರು ಟಾರ್ಚ್ ಹಾಕಿ ನೋಡಿ, ದೆಹಲಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ನಡುವೆ ಹೋಳಿ, ಓಪಿಡಿ ಬಂದ್. ಸೊಸೈಟಿಯಲ್ಲಿ ಇಡೀ ದಿನ ಡಿಜೆ. ಇವತ್ತು ನೋಡಿದರು.

ಗಡ್ಡೆ. ಕಣ್ಣಿನೊಳಗೆ. ಕ್ಯಾನ್ಸರ್. ಎಂಟು ತಿಂಗಳ ಮಗುವಿಗೆ.

ದೊಡ್ಡ ಡಾಕ್ಟರು ಹೆಂಗಸು. ಮೆತ್ತಗೆ ಮಾತಾಡುತ್ತಾರೆ. ಯಾವಾಗಿನಿಂದ ಎಂದು ಕೇಳಿದರು. ಹಳೆಯ ಫೋಟೋ ಇದ್ದರೆ ತೋರಿಸಿ, ಈ ಬಿಳಿ ಎಷ್ಟೋ ಸಲ ಮೊದಲು ಸಿಗುವುದು ಫೋಟೋದಲ್ಲೇ, ಎಂದರು.

"ಇವಳು ಫೋಟೋಗ್ರಾಫರ್, ಡಾಕ್ಟರ್. ಒಂದು ತಿಂಗಳೂ ಬಿಟ್ಟಿಲ್ಲ" ಅಂತ ರಘು ತನ್ನ ಫೋನು ಕೊಟ್ಟ. ಆ ರೂಮಿನಲ್ಲೂ ಅವನ ದನಿಯಲ್ಲಿ ಹೆಮ್ಮೆ.

ಡಾಕ್ಟರು ಒಂದೊಂದೇ ಸರಿಸಿದರು. "ಸಬ್ ನಾರ್ಮಲ್… ಸ್ಟ್ರೇಂಜ್. ಹಾಗಾದರೆ ಒಂದೇ ತಿಂಗಳಲ್ಲಿ ಇಷ್ಟು ಬೆಳೆದಿದೆ." ಫೈಲಿನಲ್ಲಿ ಬರೆದುಕೊಂಡರು.

ನಾನು ಲೀಲುವಿನ ಸಾಕ್ಸ್ ಎಳೆದು ಸರಿಮಾಡುತ್ತಾ ಕೂತಿದ್ದೆ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ

ಹಾರ್ಡ್ ಡಿಸ್ಕ್ ತೆರೆದೆ. ತಿದ್ದುವ ಮೊದಲಿನ ಫೋಟೋಗಳು, ಎಲ್ಲ ಇವೆ. ಡಿಸೆಂಬರಿನಲ್ಲಿ ಎರಡು. ನವೆಂಬರಿನಲ್ಲಿ ಒಂದು. ಪಾಪೆಯ ಅಂಚಿನಲ್ಲಿ ಉಗುರಿನ ಚೂರಿನಷ್ಟು ಬಿಳಿ. ಫೋಕಸ್ ಸರಿಯಿಲ್ಲ ಎಂದು ಬದಿಗೆ ತಳ್ಳಿದ್ದೆ. ಅಕ್ಟೋಬರಿನಲ್ಲಿ ಇಲ್ಲ.

ನವೆಂಬರ್. ನಾಲ್ಕು ತಿಂಗಳು.

ಎಲ್ಲ ಸೆಲೆಕ್ಟ್ ಮಾಡಿದೆ. ಡಿಲೀಟ್ ಒತ್ತಿದರೆ ಇದು ಗೊತ್ತಿರುವುದು ನನಗೊಬ್ಬಳಿಗೇ. ಬೆರಳು ಅಲ್ಲೇ ಇತ್ತು. ರಘು ಟೀ ತಂದ. ಲ್ಯಾಪ್‌ಟಾಪ್ ಮುಚ್ಚಿದೆ.

"ಎಡಿಟ್ ಮಾಡ್ತಿದ್ಯಾ? ಮಾಡು. ಏನೇ ಆಗಲಿ, ಕ್ಯಾಮೆರಾ ಮಾತ್ರ ಬಿಡಬೇಡ ಸಿಂಧೂ. ನಾನಿದ್ದೀನಿ."

ಮಾರ್ಚ್ 21, ಶುಕ್ರವಾರ

ಅರಿವಳಿಕೆ ಕೊಟ್ಟು ಎರಡೂ ಕಣ್ಣು ನೋಡಿದರು. ಬಲಗಣ್ಣು ಸದ್ಯಕ್ಕೆ ಸರಿ. ಎಡಗಣ್ಣು ತೆಗೆಯಬೇಕು. ಉಳಿಸಿಕೊಳ್ಳುವ ಹಂತ ದಾಟಿದೆಯಂತೆ. ಆಪರೇಷನ್ ಮಂಗಳವಾರ.

ದಾಟಿದ್ದು ಯಾವ ತಿಂಗಳು? ಕೇಳಲಿಲ್ಲ.

ಚಿಕ್ಕ ಡಾಕ್ಟರೊಬ್ಬರು ಫೈಲ್ ನೋಡಿ ಇನ್ನೊಬ್ಬರಿಗೆ ಹೇಳುತ್ತಿದ್ದರು — ಒಂದೇ ತಿಂಗಳಲ್ಲಿ ಇಷ್ಟು ಅಂದರೆ ಬಹಳ ಅಗ್ರೆಸಿವ್, ಆಮೇಲೆ ಕೀಮೋ ಜೋರಾಗಿಯೇ ಕೊಡಬೇಕಾಗಬಹುದು. ನನ್ನ ಫೋಟೋಗಳ ಲೆಕ್ಕದಲ್ಲಿ. ಏಳೂವರೆ ಕೆಜಿ ಮಗುವಿಗೆ.

ಮನೆಗೆ ಬಂದ ಮೇಲೆ ರಘು ತನ್ನ ಅಪ್ಪನಿಗೆ ಫೋನಿನಲ್ಲಿ: "ಸಿಂಧೂರ ನೋಡಿದ್ದಕ್ಕೆ ಗೊತ್ತಾಯ್ತು ಅಪ್ಪ. ಇಲ್ದಿದ್ರೆ ನಾವ್ಯಾರೂ… ಅವಳ ಕಣ್ಣು ಭಾಳ ಶಾರ್ಪು."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟೆ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 3.20. ವಾರ್ಡಿನ ಹೊರಗೆ, ಬೆಂಚಿನ ಮೇಲೆ

ದೊಡ್ಡ ಡಾಕ್ಟರಿಗೆ ತೋರಿಸಿದೆ. ತಿದ್ದದ ಫೋಟೋಗಳು, ಎಲ್ಲ, ತಾರೀಖಿನ ಸಮೇತ. ಏನು ಮಾಡಿದ್ದೆ ಎಂಬುದನ್ನೂ ಹೇಳಿದೆ. ಬೈಯಲಿಲ್ಲ. ಫೈಲಿನಲ್ಲಿ ಹಳೆಯ ಸಾಲು ಹೊಡೆದು ನವೆಂಬರ್ ಎಂದು ಬರೆದರು. ಇದು ಗೊತ್ತಾಗಿದ್ದು ಒಳ್ಳೆಯದಾಯಿತು ಎಂದರು. ಆಮೇಲೆ ಪೆನ್ನು ಮುಚ್ಚಿ, "ಹಸ್ಬೆಂಡ್ ಕೋ ಪತಾ ಹೈ?"

ಅವನಿಗೆ ಗೊತ್ತಿಲ್ಲ ಅಂದೆ.

ನೀವೇ ಹೇಳಿ, ಅವರು ಇದನ್ನು ಫೈಲಿನಲ್ಲಿ ಓದಬಾರದು, ಎಂದರು.

ಹೇಳಿದೆ. ಈಗಷ್ಟೇ. ಅವನು ಕೂತಿದ್ದ, ಲೀಲು ಅವನ ಹೆಗಲ ಮೇಲೆ ಮಲಗಿದ್ದಳು, ನಾನು ನಿಂತೇ ಹೇಳಿದೆ. ಪೂರ್ತಿ ಕೇಳಿದ. "ಲ್ಯಾಪ್‌ಟಾಪ್ ಕೊಡು" ಅಂದ.

ನೋಡುತ್ತಿದ್ದಾನೆ. ಒಂದು ಕೈ ಮಗುವಿನ ಬೆನ್ನಿನ ಮೇಲೆ. ಇನ್ನೊಂದು ಕೈಯಲ್ಲಿ ಒಂದೊಂದನ್ನೂ ಹಿಗ್ಗಿಸುತ್ತಾನೆ, ಮುಂದಿನದಕ್ಕೆ ಹೋಗುತ್ತಾನೆ. ಅವನ ಮುಖ ನೋಡಲಾಗದೆ ಇದನ್ನು ಬರೆಯುತ್ತಿದ್ದೇನೆ. ನವೆಂಬರ್ ಆಯಿತು. ಡಿಸೆಂಬರ್. ಜನವರಿಯಲ್ಲಿ ಬಹಳ ಹೊತ್ತು ನಿಂತ.

"ಇದನ್ನ ಸರಿಮಾಡೋಕೆ ಎಷ್ಟು ಹೊತ್ತಾಗತ್ತೆ?"

"ಯಾವುದು?"

"ಕಣ್ಣು."

"ಎರಡು ನಿಮಿಷ."

"ಎರಡು ನಿಮಿಷ" ಅಂದ, ತನಗೇ ಹೇಳಿಕೊಂಡ ಹಾಗೆ.

ಲ್ಯಾಪ್‌ಟಾಪ್ ಮುಚ್ಚಿದ. ಲೀಲುವನ್ನು ನನ್ನ ಮಡಿಲಿಗೆ ಹಾಕಿದ, ಕತ್ತಿನ ಕೆಳಗೆ ಕೈ ಕೊಟ್ಟು, ಎಚ್ಚರ ಆಗದ ಹಾಗೆ. ಎದ್ದ.

"ಎಲ್ಲಿಗೆ?"

"ನೀರು ತರ್ತೀನಿ."

4.15

ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ನಾಳೆಯ ಆಪರೇಷನ್ನಿನ ಕಾಗದ ಹಿಡಿದು ನರ್ಸ್ ಬಂದಿದ್ದಾಳೆ. ಅಪ್ಪ, ಅಮ್ಮ, ಇಬ್ಬರ ಸಹಿಯೂ ಬೇಕಂತೆ. ನನ್ನದು ಮಾಡಿದೆ. ಪಕ್ಕದ ಗೆರೆ ಖಾಲಿ.

"ಪಾಪಾ ಕಹಾಂ ಹೈಂ?"

ಅಪ್ಪ ನೀರು ತರಲು ಹೋಗಿದ್ದಾರೆ ಅಂದೆ. ನರ್ಸ್ ನನ್ನ ಕಾಲ ಬಳಿ ನೋಡಿದಳು. ಅಲ್ಲಿ ಬಾಟಲಿ, ತುಂಬಿದ್ದು, ಮುಚ್ಚಳ ಕೂಡ ತೆಗೆದಿಲ್ಲ.